ಲೆಕ್ಕ ಬರೆಯದವರು ದಾಖಲೆ ಕೇಳುತ್ತಾರೆ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲದ ಮೇಲೆ ಗುಡ್ಡ ಕುಸಿದು ಬಿದ್ದಾಗ ಅಲ್ಲಿನ ಆಡಳಿತದ ಮುಂದೆ ಒಂದು ಕಠಿಣ ಪ್ರಶ್ನೆ ಎದ್ದಿತು. ಮನೆಯೇ ಕೊಚ್ಚಿಹೋದ ಮೇಲೆ ಆ ಮನೆಯಲ್ಲಿ ಎಷ್ಟು ಮಂದಿ ಮಲಗಿದ್ದರೆಂದು ಹೇಳುವವರು ಯಾರು? ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ, ಶಿಬಿರಗಳಲ್ಲಿ ಮತ್ತು ಆಸ್ಪತ್ರೆಗಳಲ್ಲಿ ಸಿಕ್ಕವರ ಹೆಸರುಗಳನ್ನು ಬಿಟ್ಟು, ಉಳಿದವರ ಕರಡು ಪಟ್ಟಿಯೊಂದನ್ನು ಸಿದ್ಧಪಡಿಸಲಾಯಿತು. ಅದರಲ್ಲಿ 138 ಹೆಸರುಗಳಿದ್ದವು. ಆ ಪಟ್ಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲಿಲ್ಲ. ಜನರ ಮುಂದಿಟ್ಟು, ತಪ್ಪಿದ್ದರೆ ತಿದ್ದಿಕೊಡಿ ಎಂದು ಕೇಳಲಾಯಿತು. ಗುರುತು ಸಿಗದ ಶವಗಳನ್ನು ಪುತ್ತುಮಲದಲ್ಲಿ ಮಣ್ಣು ಮಾಡುವಾಗಲೂ ಪ್ರತಿಯೊಂದು ಗೋರಿಗೆ ಒಂದು ಸಂಖ್ಯೆ ಬರೆದಿಟ್ಟರು, ಮುಂದೊಂದು ದಿನ ಡಿಎನ್‌ಎ ಪರೀಕ್ಷೆಯಿಂದ ಹೆಸರು ತಿಳಿದುಬಂದರೆ ವಾರಸುದಾರರು ಬಂದು ನಿಲ್ಲಲೆಂದು.

ಕೇರಳದ ಪುನರ್ವಸತಿ ಕಾರ್ಯದ ಕುರಿತು ದೂರುಗಳಿಲ್ಲವೆಂದಲ್ಲ. ಆದರೆ ಒಂದು ಸತ್ಯ ಇದರಿಂದ ಸ್ಪಷ್ಟವಾಗುತ್ತದೆ. ಮನಸ್ಸಿದ್ದರೆ ಸರಕಾರಕ್ಕೆ ಎಣಿಸಲು ಬರುತ್ತದೆ. ಎಣಿಸಲಿಲ್ಲವೆಂದರೆ ಅದಕ್ಕೆ ಅಸಾಮರ್ಥ್ಯವನ್ನು ಕಾರಣವಾಗಿ ಕೊಡುವಂತಿಲ್ಲ.

ಗಲಭೆಯಿಂದಲೋ ನೆರೆಯಿಂದಲೋ ಮನೆ ಬಿಟ್ಟು, ಗಡಿ ದಾಟದೆ ತನ್ನದೇ ದೇಶದೊಳಗೆ ಅಲೆಯುವವನನ್ನು ವಿಶ್ವಸಂಸ್ಥೆಯು 1998ರ ಮಾರ್ಗದರ್ಶಿ ತತ್ವಗಳಲ್ಲಿ 'ಆಂತರಿಕ ಸ್ಥಳಾಂತರಿತ' ಎಂದು ಕರೆಯಿತು. ಗಡಿ ದಾಟಿದವನಿಗಾದರೂ 1951ರ ನಿರಾಶ್ರಿತರ ಒಪ್ಪಂದವಿದೆ (ಭಾರತ ಅದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಮಾತು). ಗಡಿಯೊಳಗೆ ಉಳಿದವನಿಗೆ ಅವನ ಸರಕಾರವೇ ಗತಿ. ಆ ಸರಕಾರದ ಬಳಿ ಇಂಥವರನ್ನೆಲ್ಲ ಒಳಗೊಳ್ಳುವ ಒಂದು ಕಾನೂನಾಗಲಿ ಒಂದು ನೋಂದಣಿ ಪುಸ್ತಕವಾಗಲಿ ನಮ್ಮಲ್ಲಿಲ್ಲ. 1991ರ ಜನಗಣತಿಯಲ್ಲಿ ವಲಸೆಯ ಕಾರಣಗಳ ಪೈಕಿ ಬರ, ನೆರೆಯಂತಹ ಪ್ರಕೃತಿ ವಿಕೋಪಕ್ಕೆ ಪ್ರತ್ಯೇಕ ಕಲಂ ಇತ್ತು. 2001ರಲ್ಲಿ ಅದನ್ನು ಕೈಬಿಡಲಾಯಿತು. ಉದ್ಯೋಗ, ವ್ಯಾಪಾರ, ವಿದ್ಯಾಭ್ಯಾಸ, ಮದುವೆ ಇತ್ಯಾದಿಗಳ ಬಳಿಕ ಉಳಿದದ್ದು 'ಇತರೆ'. 2002ರಲ್ಲಿ ಗುಜರಾತಿನಿಂದ ಜೀವ ಉಳಿಸಿಕೊಂಡು ಓಡಿದವನು 2011ರ ಜನಗಣತಿಯಲ್ಲಿ ಈ 'ಇತರೆ'ಯೊಳಗೆ ಸೇರಿಹೋದ.

ಹಾಗಾಗಿ ನಮ್ಮ ದೇಶದ ಸ್ಥಳಾಂತರಿತರ ಲೆಕ್ಕ ಬೇಕಾದರೆ ಜಿನೀವಾದಲ್ಲಿರುವ ಆಂತರಿಕ ಸ್ಥಳಾಂತರ ನಿಗಾ ಕೇಂದ್ರದತ್ತ ನೋಡಬೇಕು. 2024ರ ಕೊನೆಗೆ ಜಗತ್ತಿನಲ್ಲಿ 8 ಕೋಟಿ 34 ಲಕ್ಷ ಮಂದಿ ಹೀಗೆ ಸ್ವದೇಶದಲ್ಲೇ ಪರದೇಶಿಗಳಾಗಿದ್ದರೆಂದು ಅದು ಹೇಳುತ್ತದೆ. ಈ ಪೈಕಿ 7 ಕೋಟಿ 35 ಲಕ್ಷ ಮಂದಿ ಯುದ್ಧ ಮತ್ತು ಹಿಂಸೆಯಿಂದ ಓಡಿದವರು. ಭಾರತದಲ್ಲಿ ಅದೇ ವರ್ಷ ವಿಕೋಪಗಳಿಂದ ಸುಮಾರು 54 ಲಕ್ಷ ಸ್ಥಳಾಂತರಗಳಾದವು. ಇದು ಸ್ಥಳಾಂತರಗಳ ಸಂಖ್ಯೆಯೇ ಹೊರತು ಜನರ ಸಂಖ್ಯೆಯಲ್ಲ. ಒಬ್ಬನೇ ಎರಡು ಸಲ ಓಡಿದರೆ ಎರಡಾಗುತ್ತದೆ. ನಮ್ಮ ಪತ್ರಿಕೆಗಳು ಈ ವ್ಯತ್ಯಾಸವನ್ನು ಗಮನಿಸದೆ ಶೀರ್ಷಿಕೆ ಕೊಡುತ್ತವೆ. ಇಷ್ಟಕ್ಕೂ ಈ ಅಂಕಿಗಳಿಗೆ ಬಹುತೇಕ ಆಧಾರ ಶಿಬಿರಗಳ ಪಟ್ಟಿ ಮತ್ತು ವಿಕೋಪ ನಿರ್ವಹಣಾ ಪ್ರಾಧಿಕಾರಗಳ ಪ್ರಕಟಣೆಗಳು. ಶಿಬಿರ ಮುಚ್ಚಿದ ದಿನ ಪ್ರಕಟಣೆ ನಿಲ್ಲುತ್ತದೆ, ಅಂಕಿ ಸೊನ್ನೆಯಾಗುತ್ತದೆ. ಮನುಷ್ಯ ಮಾತ್ರ ಮನೆಗೆ ಮರಳಿರುವುದಿಲ್ಲ.

ಶಿಬಿರ ಮುಚ್ಚುವ ಈ ತಂತ್ರವನ್ನು ಪರಿಪೂರ್ಣಗೊಳಿಸಿದ್ದು 2002ರ ಗುಜರಾತ್. ಸುಮಾರು ಒಂದೂವರೆ ಲಕ್ಷ ಮಂದಿ ಶಿಬಿರಗಳಲ್ಲಿದ್ದರು. ಪರಿಸ್ಥಿತಿ ಸಾಮಾನ್ಯವಾಗಿದೆಯೆಂದು ಹೇಳಿ ಜುಲೈಯಲ್ಲಿ ವಿಧಾನಸಭೆಯನ್ನು ವಿಸರ್ಜಿಸಿ ತಕ್ಷಣ ಚುನಾವಣೆ ಬೇಕೆಂದು ರಾಜ್ಯ ಸರಕಾರ ಪಟ್ಟು ಹಿಡಿಯಿತು. ಆಗ ಜೆ.ಎಂ. ಲಿಂಗ್ಡೋ ನೇತೃತ್ವದ ಚುನಾವಣಾ ಆಯೋಗ ಸ್ಥಳಕ್ಕೆ ಹೋಗಿ ನೋಡಿತು. ಗಲಭೆ ತಟ್ಟಿದ್ದು 151 ಪಟ್ಟಣಗಳಿಗೆ, 993 ಹಳ್ಳಿಗಳಿಗೆ. 182 ಕ್ಷೇತ್ರಗಳ ಪೈಕಿ 154ಕ್ಕೆ. ಮತದಾರರು ಊರಿಗೆ ಮರಳಿಲ್ಲ, ಪಟ್ಟಿಯಲ್ಲಿರುವ ವಿಳಾಸದಲ್ಲಿ ಅವರಿಲ್ಲ, ಆದ್ದರಿಂದ ಈಗ ಚುನಾವಣೆ ಸಾಧ್ಯವಿಲ್ಲವೆಂದು ಆಗಸ್ಟ್ 16ರಂದು ಆಯೋಗ ಆದೇಶಿಸಿತು. ವಿಳಾಸದಲ್ಲಿ ಸಿಗದ ಮತದಾರನಿಗಾಗಿ ಆಯೋಗ ಒಂದು ರಾಜ್ಯದ ಚುನಾವಣೆಯನ್ನೇ ಡಿಸೆಂಬರ್‌ಗೆ ಮುಂದೂಡಿದ ಕಾಲವದು. 2025ರಲ್ಲಿ ಬಿಹಾರದ ಮತದಾರರ ಪಟ್ಟಿಯ ಪರಿಷ್ಕರಣೆಯಾದಾಗ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರುಗಳು ಹೊರಗುಳಿದವು. ಅದರಲ್ಲಿ ಸುಮಾರು 36 ಲಕ್ಷ ಮಂದಿ 'ಶಾಶ್ವತವಾಗಿ ಸ್ಥಳಾಂತರಗೊಂಡವರು ಅಥವಾ ವಿಳಾಸದಲ್ಲಿ ಸಿಗದವರು'. ಕೆಲಸ ಹುಡುಕಿ ಹೋದವರೆಷ್ಟು, ನದಿ ಅಟ್ಟಿಸಿದವರೆಷ್ಟು ಎಂದು ಯಾರಾದರೂ ಕೇಳಿದರೇ?

ಗುಜರಾತಿನ ಕತೆ ಅಲ್ಲಿಗೆ ಮುಗಿಯಲಿಲ್ಲ. 2006ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗದ ತಂಡ ಅಲ್ಲಿಗೆ ಹೋದಾಗ, ನಾಲ್ಕು ವರ್ಷ ಕಳೆದರೂ ಸಾವಿರಾರು ಕುಟುಂಬಗಳು ಸಮುದಾಯದ ಸಂಘಟನೆಗಳು ಕಟ್ಟಿಕೊಟ್ಟ ತಾತ್ಕಾಲಿಕ ವಸತಿಗಳಲ್ಲಿ, ರಸ್ತೆ, ನೀರು, ಪಡಿತರ ಚೀಟಿಗಳಿಗಾಗಿ ಅಂಗಲಾಚುತ್ತಿರುವುದನ್ನು ಕಂಡಿತು. ಅಹ್ಮದಾಬಾದಿನ ಕಸದ ಬೆಟ್ಟದ ಬುಡದಲ್ಲಿರುವ ಸಿಟಿಜನ್ ನಗರವೂ ಅಂಥ ವಸತಿಗಳಲ್ಲೊಂದು. ರಾಜ್ಯ ಸರಕಾರ ಏನು ಮಾಡಿತ್ತು? ಕೇಂದ್ರ ಕೊಟ್ಟ ಪರಿಹಾರ ನಿಧಿಯಲ್ಲಿ 19 ಕೋಟಿ ರೂಪಾಯಿಯನ್ನು ಹಿಂದಿರುಗಿಸಿತ್ತು. ಸ್ಥಳಾಂತರಿತರೇ ಇಲ್ಲದ ಮೇಲೆ ಹಣವೇಕೆ?

2013ರ ಸೆಪ್ಟೆಂಬರಿನಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರ ಮತ್ತು ಶಾಮ್ಲಿ ಜಿಲ್ಲೆಗಳಿಂದ 50 ಸಾವಿರಕ್ಕೂ ಹೆಚ್ಚು ಮಂದಿ ಓಡಿಹೋದರು. ಅಂದು ಅಲ್ಲಿ ಅಧಿಕಾರದಲ್ಲಿದ್ದುದು ನಮ್ಮ ಮತಗಳನ್ನು ನೆಚ್ಚಿಕೊಂಡ ಪಕ್ಷವೆಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಹೆಚ್ಚು ಹಾನಿಯಾದ ಒಂಬತ್ತು ಹಳ್ಳಿಗಳ ಕುಟುಂಬಗಳಿಗೆ ತಲಾ 5 ಲಕ್ಷ ರೂಪಾಯಿ ಘೋಷಿಸಿದ ಆ ಸರಕಾರ, ಊರಿಗೆ ಮರಳುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಡಬೇಕೆಂಬ ಶರತ್ತು ವಿಧಿಸಿತು. ಓಡಿಸಿದವರ ಇಚ್ಛೆಗೆ ಸರಕಾರದ ಮೊಹರು! ಉಳಿದ ಹಳ್ಳಿಗಳವರು ಪಟ್ಟಿಗೇ ಬರಲಿಲ್ಲ. ಪಟ್ಟಿಗೆ ಬಂದ ಹಳ್ಳಿಗಳಲ್ಲೂ ಅಣ್ಣ ತಮ್ಮಂದಿರದ್ದು ಒಂದೇ ಕುಟುಂಬವೆಂದು ಹೇಳಿ ಹಲವರನ್ನು ಬರಿಗೈಯಲ್ಲಿ ಕಳಿಸಲಾಯಿತು.

ಆದರೆ ಎಣಿಸದಿರುವುದರ ಪೂರ್ಣ ಬೆಲೆ ತೆತ್ತವರು ಅಸ್ಸಾಮಿನ ಜನರು. 1950ರಿಂದೀಚೆಗೆ ಬ್ರಹ್ಮಪುತ್ರ ಮತ್ತದರ ಉಪನದಿಗಳು 4 ಲಕ್ಷ 27 ಸಾವಿರ ಹೆಕ್ಟೇರ್ ನೆಲವನ್ನು ಕೊರೆದು ನುಂಗಿವೆಯೆಂದು ಆ ರಾಜ್ಯದ ಇಲಾಖೆಯೇ ಒಪ್ಪಿಕೊಂಡಿದೆ. ಅಂದರೆ ರಾಜ್ಯದ ವಿಸ್ತೀರ್ಣದ ನೂರಕ್ಕೆ ಏಳಕ್ಕಿಂತ ಹೆಚ್ಚು. ನುಂಗಿದ ಮಣ್ಣಿನ ಲೆಕ್ಕ ಹೀಗೆ ಹೆಕ್ಟೇರಿನಲ್ಲಿದೆ. ಆ ಮಣ್ಣಿನ ಮೇಲಿದ್ದ ಮನುಷ್ಯರ ಲೆಕ್ಕವೆಲ್ಲಿ? ನದಿಯ ನಡುವಿನ ಮರಳು ದಿಣ್ಣೆಗಳನ್ನು ಅಲ್ಲಿ 'ಚರ್' ಎನ್ನುತ್ತಾರೆ. ಅಲ್ಲಿ ಬದುಕುವವರಲ್ಲಿ ಬಹುಪಾಲು ಬಂಗಾಳಿ ಮೂಲದ ಮುಸ್ಲಿಮರು. ಒಂದು ಚರ್ ಕರಗಿದಾಗ ಇನ್ನೊಂದಕ್ಕೆ, ಅದೂ ಕರಗಿದಾಗ ರಸ್ತೆಯಂಚಿಗೆ, ಕೊನೆಗೆ ಗುವಾಹಟಿಯ ಇಟ್ಟಿಗೆ ಗೂಡಿಗೆ. ಪ್ರತಿ ಸಲ ಮನೆ ಎತ್ತುವಾಗಲೂ 'ಇವರು ಇಂಥ ಹಳ್ಳಿಯಿಂದ ನದಿಕೊರೆತದಿಂದಾಗಿ ಇಲ್ಲಿಗೆ ಬಂದವರು' ಎಂದು ಒಂದು ಚೀಟಿ ಬರೆದುಕೊಡುವುದು ಯಾವ ಅಧಿಕಾರಿಯ ಹೊಣೆಯೂ ಆಗಿರಲಿಲ್ಲ. ಗುವಾಹಟಿಯಲ್ಲಿ ಲುಂಗಿ ಉಟ್ಟ ಅಪರಿಚಿತ ಕೂಲಿಯಾಳು ಕಂಡೊಡನೆ ನಗರವು ಅವನನ್ನು ನುಸುಳುಕೋರನೆಂದಿತು. ಅವನು ಬಂದದ್ದು ನೂರು ಮೈಲಿ ಆಚೆಯ ಬಾರ್ಪೇಟಾದಿಂದಲೋ ಧುಬ್ರಿಯಿಂದಲೋ ಎಂದು ತೋರಿಸುವ ಕಾಗದ ಅವನಲ್ಲಿರಲಿಲ್ಲ.

ಮುಂದೆ ರಾಷ್ಟ್ರೀಯ ಪೌರತ್ವ ನೋಂದಣಿ ಬಂತು. 1971ರ ಮಾರ್ಚ್ 24ರ ನಡುರಾತ್ರಿಗಿಂತ ಮೊದಲು ನೀನಾಗಲಿ ನಿನ್ನ ಹಿರಿಯರಾಗಲಿ ಇಲ್ಲಿದ್ದಿರೆಂದು ಕಾಗದ ತೋರಿಸು ಎಂದಿತು. ಯಾವ ಹಳ್ಳಿಯ ಮತದಾರರ ಪಟ್ಟಿಯಲ್ಲಿ ಅಜ್ಜನ ಹೆಸರಿದೆಯೋ ಆ ಹಳ್ಳಿ ನದಿಯ ತಳದಲ್ಲಿದೆ. ಜಮೀನಿನ ಪಟ್ಟಾವನ್ನು ನೆರೆ ಒಯ್ದಿದೆ. 2012ರಲ್ಲಿ ಬೋಡೋ ಜಿಲ್ಲೆಗಳ ಹಿಂಸೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಶಿಬಿರ ಸೇರಿದಾಗ ಸುಟ್ಟುಹೋದ ಮನೆಗಳಲ್ಲಿ ಕಾಗದಗಳೂ ಸುಟ್ಟಿದ್ದವು. 2019ರ ಆಗಸ್ಟ್ 31ರಂದು ಅಂತಿಮ ಪಟ್ಟಿ ಹೊರಬಿದ್ದಾಗ 19,06,657 ಮಂದಿ ಹೊರಗುಳಿದಿದ್ದರು. ಅವರಲ್ಲಿ ಹಿಂದೂಗಳೂ ಮುಸ್ಲಿಮರೂ ಇದ್ದರು. ಅರ್ಧ ಶತಮಾನ ಕಾಲ ತನ್ನ ಪ್ರಜೆ ಎಲ್ಲಿಂದ ಎಲ್ಲಿಗೆ ಹೋದನೆಂದು ಬರೆದಿಡದ ಸರಕಾರ, ಒಂದು ಬೆಳಿಗ್ಗೆ ಅದೇ ಪ್ರಜೆಯ ಮುಂದೆ ನಿಂತು ನಿನ್ನ ಐವತ್ತು ವರ್ಷಗಳ ಲೆಕ್ಕ ಕೊಡು ಎಂದಿತು. ಇದಕ್ಕಿಂತ ದೊಡ್ಡ ವಂಚನೆಯುಂಟೇ?

ಇದು ಮುಸ್ಲಿಮರ ಅಳಲು ಮಾತ್ರವೇ ಎಂದು ಕೇಳುವವರಿದ್ದಾರೆ. ಹಾಗಾದರೆ 1990ರಲ್ಲಿ ಕಣಿವೆ ಬಿಟ್ಟ ಕಾಶ್ಮೀರಿ ಪಂಡಿತರನ್ನೇ ನೋಡೋಣ. ಸರಕಾರ ಅವರನ್ನು 'ವಲಸಿಗರು' ಎಂದು ಕರೆದದ್ದು ತಪ್ಪು; ಯಾರೂ ಸುಮ್ಮನೆ ಮನೆ ಬಿಟ್ಟು ವಲಸೆ ಹೋಗುವುದಿಲ್ಲ. ಆದರೆ ಅವರನ್ನು ನೋಂದಾಯಿಸಲಾಯಿತು. ಅದಕ್ಕೆಂದೇ ಒಬ್ಬ ಪರಿಹಾರ ಆಯುಕ್ತರಿದ್ದಾರೆ, ಮಾಸಿಕ ನೆರವಿದೆ, ಜಮ್ಮು, ಉಧಂಪುರ, ದೆಹಲಿಗಳಲ್ಲಿ ಕುಳಿತು ತಮ್ಮೂರಿನ ಕ್ಷೇತ್ರಕ್ಕೆ ಮತ ಹಾಕಲು ಪ್ರತ್ಯೇಕ ಮತಗಟ್ಟೆಗಳಿವೆ. 1997ರಲ್ಲಿ ಮಿಝೋರಾಮಿನಿಂದ ತ್ರಿಪುರಾಕ್ಕೆ ಓಡಿದ ಬ್ರೂ ಜನರನ್ನೂ ಶಿಬಿರಗಳಲ್ಲಿ ಪಟ್ಟಿ ಮಾಡಲಾಗಿತ್ತು; ಆದ್ದರಿಂದಲೇ 2020ರಲ್ಲಿ ಅವರ ಪುನರ್ವಸತಿಗೆ 600 ಕೋಟಿ ರೂಪಾಯಿಯ ಒಪ್ಪಂದ ಸಾಧ್ಯವಾಯಿತು. ಪಂಡಿತರಿಗೆ, ಬ್ರೂಗಳಿಗೆ ಸಿಕ್ಕಿದ್ದು ಅವರ ಹಕ್ಕು. ಸಿಕ್ಕಿದ್ದು ಸಾಲದು ಎನ್ನುವವರು ನಾವು. ಹೆಸರು ಬರೆದಲ್ಲಿ ಹಕ್ಕಿಗೊಂದು ದಾರಿ ತೆರೆಯುತ್ತದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? 2023ರ ಮೇಯಿಂದ ಮಣಿಪುರದಲ್ಲಿ ಸುಮಾರು 60 ಸಾವಿರ ಮಂದಿ, ಕುಕಿಗಳೂ ಮೈತೇಯಿಗಳೂ, ನೆಲೆ ಕಳೆದುಕೊಂಡರು. 2025ರ ಡಿಸೆಂಬರ್‌ನೊಳಗೆ ಶಿಬಿರಗಳನ್ನು ಮುಚ್ಚುವುದಾಗಿ ಅಲ್ಲಿನ ಆಡಳಿತ ಜುಲೈಯಲ್ಲೇ ಸಾರಿತ್ತು. ಜನ ಯಾವಾಗ ಮನೆ ಸೇರುತ್ತಾರೆಂದು ಹೇಳಲಾಗದ ಆಡಳಿತಕ್ಕೆ ಶಿಬಿರಕ್ಕೆ ತಾರೀಕು ಹಾಕುವುದು ಮಾತ್ರ ಸಾಧ್ಯವಾಯಿತು.

ನಮ್ಮ ರಾಜ್ಯವೂ ಹೊರತಲ್ಲ. ಬೋಡೋ ಜಿಲ್ಲೆಗಳ ಹಿಂಸೆಯ ಬೆನ್ನಲ್ಲೇ, 2012ರ ಆಗಸ್ಟ್‌ನಲ್ಲಿ, ಮುಸ್ಲಿಮರು ಸೇಡು ತೀರಿಸಿಕೊಳ್ಳುತ್ತಾರೆಂಬ ವದಂತಿಗೆ ಹೆದರಿ ಈಶಾನ್ಯದ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಅವರ ಲೆಕ್ಕ ಸಿಕ್ಕಿದ್ದು ಮಾರಾಟವಾದ ಟಿಕೇಟುಗಳಿಂದ. 2019ರ ನೆರೆಯಲ್ಲಿ ಹಾನಿಯಾದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ಪರಿಹಾರ ಹಂಚಲಾಯಿತು. ಎಣಿಸಿದ್ದು ಗೋಡೆಗಳನ್ನು. ಆ ಗೋಡೆಗಳೊಳಗೆ ಬಾಡಿಗೆಗಿದ್ದವನಿಗೆ ಯಾವ ಅಕ್ಷರವೂ ಇರಲಿಲ್ಲ.

ಪಟ್ಟಿ ಎಂದೊಡನೆ ನಮ್ಮ ಜನರಿಗೆ ಭಯವಾಗುತ್ತದೆ. ಈ ಭಯ ಸುಳ್ಳಲ್ಲ. ಬಾಂಗ್ಲಾದೇಶದ ಶಿಬಿರಗಳಲ್ಲಿ ಪಡಿತರಕ್ಕಾಗಿ ಬೆರಳಚ್ಚು ಕೊಟ್ಟ 8 ಲಕ್ಷ 30 ಸಾವಿರಕ್ಕೂ ಹೆಚ್ಚು ರೋಹಿಂಗ್ಯರ ವಿವರಗಳು, ಅವರನ್ನು ಹೊರದಬ್ಬಿದ ಮ್ಯಾನ್ಮಾರ್ ಸರಕಾರದ ಕೈಸೇರಿದವೆಂದು ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ಬಯಲಿಗೆಳೆಯಿತು. ಸಂಗ್ರಹಿಸಿದ್ದು ವಿಶ್ವಸಂಸ್ಥೆಯದೇ ನಿರಾಶ್ರಿತರ ಸಂಸ್ಥೆ. ಒಪ್ಪಿಗೆ ಪಡೆದೇ ಮಾಡಿದ್ದೇವೆಂದು ಅದು ವಾದಿಸಿತು. ಹಸಿದು ಸಾಲಿನಲ್ಲಿ ನಿಂತವನ ಒಪ್ಪಿಗೆಗೆ ಎಷ್ಟು ತೂಕವಿದೆಯೆಂದು ಓದುಗರೇ ನಿರ್ಧರಿಸಲಿ. ಆದ್ದರಿಂದ ನಾವು ಕೇಳುತ್ತಿರುವುದು ಪೊಲೀಸು ಠಾಣೆಯಲ್ಲಿ ಕೂರುವ ಇನ್ನೊಂದು ಪಟ್ಟಿಯನ್ನಲ್ಲ. ಸ್ಥಳಾಂತರಿತನ ಕೈಗೂ ಒಂದು ಪ್ರತಿ ಸಿಗುವ, ಪರಿಹಾರ ಮತ್ತು ಪುನರ್ವಸತಿಯ ಹೊರತು ಬೇರಾವುದಕ್ಕೂ ಬಳಸಬಾರದೆಂದು ಕಾನೂನಿನಲ್ಲೇ ಕಟ್ಟುಪಾಡಿರುವ ನೋಂದಣಿಯನ್ನು. ಇದು ಅಸಾಧ್ಯವೂ ಅಲ್ಲ. ಅಂತರ್ಯುದ್ಧದಲ್ಲಿ ಬೆಂದ ಕೊಲಂಬಿಯಾ 1997ರಲ್ಲೇ ಕಾನೂನು ಮಾಡಿತು. ಸರಕಾರ ಮೈಗಳ್ಳತನ ತೋರಿದಾಗ 2004ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಚಾಟಿ ಬೀಸಿತು. ಇಂದು ಅಲ್ಲಿನ ನೋಂದಣಿಯಲ್ಲಿ 80 ಲಕ್ಷಕ್ಕೂ ಹೆಚ್ಚು ಸ್ಥಳಾಂತರಿತರ ಹೆಸರುಗಳಿವೆ. ಆಫ್ರಿಕಾದ ರಾಷ್ಟ್ರಗಳು 2009ರಲ್ಲಿ ಕಂಪಾಲಾದಲ್ಲಿ ಮಾಡಿಕೊಂಡ ಒಪ್ಪಂದವು ಇಂಥ ನೋಂದಣಿಯನ್ನು ಸರಕಾರಗಳ ಕರ್ತವ್ಯವಾಗಿಸಿದೆ. ವಿಶ್ವಗುರುವಾಗ ಹೊರಟವರು ಬಡ ಆಫ್ರಿಕಾದಿಂದ ಕಲಿಯಲು ನಾಚಬೇಕಿಲ್ಲ.

ಸರಕಾರವನ್ನು ಇಷ್ಟು ಬೈದ ಮೇಲೆ ನಮ್ಮ ಕಡೆಗೂ ತಿರುಗದಿದ್ದರೆ ಅನ್ಯಾಯವಾದೀತು. ಗುಜರಾತಿಗೆ, ಅಸ್ಸಾಮಿಗೆ, ಕೊಡಗಿಗೆ, ವಯನಾಡಿಗೆ ನಮ್ಮ ಊರುಗಳಿಂದ ಲಾರಿಗಳು ಹೊರಟವು. ಅಕ್ಕಿ, ಕಂಬಳಿ, ಬ್ಯಾನರ್, ಫೋಟೊ. ಎಷ್ಟು ಕಿಟ್ ಹಂಚಿದೆವೆಂಬುದು ಪ್ರತಿ ಸಂಘಟನೆಗೂ ನೆನಪಿದೆ. ಆ ಕಿಟ್ ಪಡೆದ ಕುಟುಂಬ ಈಗ ಎಲ್ಲಿದೆ, ಮಕ್ಕಳು ಶಾಲೆಗೆ ಮರಳಿದರೇ, ವಿಧವೆಗೆ ಪಿಂಚಣಿ ಬಂತೇ ಎಂದು ಎಷ್ಟು ಸಂಘಟನೆಗಳ ದಫ್ತರದಲ್ಲಿದೆ?

ಹಿಜರಿ 18ರಲ್ಲಿ ಅರೇಬಿಯವನ್ನು ಭೀಕರ ಬರ ಸುಟ್ಟಿತು. ಇತಿಹಾಸದಲ್ಲಿ ಅದಕ್ಕೆ 'ಬೂದಿಯ ವರ್ಷ'ವೆಂದೇ ಹೆಸರು. ಮರುಭೂಮಿಯ ಬುಡಕಟ್ಟುಗಳು ಮದೀನಾದ ಸುತ್ತ ಬಂದು ಬೀಡುಬಿಟ್ಟವು. ಖಲೀಫಾ ಉಮರ್‌ರವರು ಒಂದು ರಾತ್ರಿ ಊಟಕ್ಕೆ ಬಂದವರನ್ನು ಎಣಿಸಲು ಹೇಳಿದರು. ಏಳು ಸಾವಿರ ಮಂದಿಯಿದ್ದರು. ಅಷ್ಟಕ್ಕೆ ಅವರು ತೃಪ್ತರಾಗಲಿಲ್ಲ. ಊಟಕ್ಕೆ ಬಾರದವರನ್ನು, ರೋಗಿಗಳನ್ನು, ಮಕ್ಕಳನ್ನು ಎಣಿಸಿರಿ ಎಂದರು. ಎಣಿಸಿದಾಗ ನಲವತ್ತು ಸಾವಿರ. ಮಳೆ ಬಂದ ಮೇಲೆ ದಾರಿಯ ಬುತ್ತಿ ಮತ್ತು ಸವಾರಿಯ ವ್ಯವಸ್ಥೆ ಮಾಡಿ ಅವರನ್ನು ಅವರವರ ನೆಲಕ್ಕೆ ಕಳಿಸಿಕೊಟ್ಟರೆಂದು ಇಬ್ನ್ ಸಅದ್ ದಾಖಲಿಸಿದ್ದಾರೆ. ನಮ್ಮ ಮದ್ರಸಗಳಲ್ಲಿ ಆ ವರ್ಷ ಉಮರ್‌ರವರು ತುಪ್ಪ ಮುಟ್ಟಲಿಲ್ಲವೆಂಬುದನ್ನು ಕಣ್ಣೀರಿಟ್ಟು ಹೇಳುತ್ತಾರೆ. ಅವರು ಎಣಿಸಿದ್ದನ್ನು ಹೇಳುವುದು ಅಪರೂಪ.

ಪ್ರತಿ ಜಮಾಅತಿನಲ್ಲೂ ಮದುವೆಗೊಂದು, ಮಯ್ಯಿತ್ತಿಗೊಂದು ರಿಜಿಸ್ಟರ್ ಇದೆ. ಊರಿಗೆ ಹೊಸದಾಗಿ ಬಂದು ಬಾಡಿಗೆ ಮನೆಯಲ್ಲಿ, ಗುಜರಿ ಅಂಗಡಿಯ ಹಿಂದೆ, ಕಟ್ಟಡದ ಕೆಲಸದ ಶೆಡ್ಡಿನಲ್ಲಿ ಇರುವವರಿಗಾಗಿ ಮೂರನೆಯದೊಂದು ಇರಲಿ. ಎಲ್ಲಿಂದ, ಯಾವ ವರ್ಷ, ಯಾವ ಕಾರಣಕ್ಕೆ ಬಂದರು, ಕೈಯಲ್ಲಿ ಯಾವ ಕಾಗದ ಉಳಿದಿದೆ, ಯಾವುದು ಕಳೆದಿದೆ. ಅವರಿಗೆ ಮನಸ್ಸಿದ್ದರೆ ಮಾತ್ರ ಬರೆಯಬೇಕು. ಪ್ರತಿ ಅವರ ಕೈಯಲ್ಲೇ ಇರಬೇಕು. ಜಾತಿ ಧರ್ಮ ಕೇಳಬಾರದು. ಸುತ್ತಲಿನ ವಕೀಲರೊಬ್ಬರನ್ನು, ಶಿಕ್ಷಕಿಯೊಬ್ಬರನ್ನು ಇದಕ್ಕೆ ಜೊತೆಗೂಡಿಸಿಕೊಳ್ಳಬಹುದು. ಇನ್ನು, ಚುನಾವಣೆ ಬಂದಾಗ ಮಸೀದಿಯ ಮೆಟ್ಟಿಲ ಬಳಿ ಕೈಮುಗಿದು ನಿಲ್ಲುವ ನಮ್ಮ ಶಾಸಕರು ಮುಂದಿನ ಅಧಿವೇಶನದಲ್ಲಿ ಒಂದೇ ಒಂದು ಪ್ರಶ್ನೆ ಕೇಳಲಿ: 2009ರ ನೆರೆಯ ಬಳಿಕ ಉತ್ತರ ಕರ್ನಾಟಕದಲ್ಲಿ ಕಟ್ಟಿದ 'ಆಸರೆ' ಮನೆಗಳಲ್ಲಿ ಇಂದು ಎಷ್ಟು ಸಂತ್ರಸ್ತರು ವಾಸವಾಗಿದ್ದಾರೆ, ಉಳಿದವರು ಎಲ್ಲಿಗೆ ಹೋದರು?