ಫಲಕ ನಮ್ಮದು, ಬ್ಯಾಟರಿ ಯಾರದ್ದು?



ರಾಜ್ಯೋತ್ಸವ ಸಮೀಪಿಸಿದಂತೆ ತಾಯ್ನಾಡಿನ ಕಾಡಂಚಿನ ಮನೆಗಳಿಗೆ ಸೌರ ದೀಪ ಒದಗಿಸುವ ದೇಣಿಗೆಯ ಮಾತು ಅನಿವಾಸಿ ಕನ್ನಡ ಸಂಘಗಳಲ್ಲಿ ಮತ್ತೆ ಕೇಳಿಬರುತ್ತದೆ. ಉದ್ದೇಶ ಶ್ಲಾಘನೀಯ, ಕ್ರಮ ಮಾತ್ರ ಸರಿಯಿಲ್ಲ. ಬ್ಯಾಟರಿ ಬದಲಾವಣೆಗೆ ಹಣ ತೆಗೆದಿರಿಸದೆ, ಹಳೆಯ ಬ್ಯಾಟರಿ ಎಲ್ಲಿಗೆ ಹೋಗಬೇಕೆಂಬುದನ್ನು ನಿಶ್ಚಯಿಸದೆ ಒಂದು ಮನೆಗೂ ಇಂಥ ವ್ಯವಸ್ಥೆಯನ್ನು ಕೊಡಬಾರದೆಂಬುದು ನನ್ನ ವಾದ.

ಲೆಕ್ಕ ಸರಳವಾದದ್ದು. ಸೌರ ಫಲಕ 25 ವರ್ಷ ಬಾಳುತ್ತದೆ. ಸೀಸ-ಆಮ್ಲದ ಟ್ಯೂಬ್ಯುಲರ್ ಬ್ಯಾಟರಿ, ಚೆನ್ನಾಗಿ ನೋಡಿಕೊಂಡರೆ, ಐದು ವರ್ಷದ ಆಸುಪಾಸು. ಅಂದರೆ ಒಂದು ಫಲಕದ ಆಯುಷ್ಯಕ್ಕೆ ಐದು ಬ್ಯಾಟರಿ ಬೇಕು. ನಾವು ಕೊಡುವುದು ಒಂದನ್ನು, ಭಾವಚಿತ್ರ ತೆಗೆಸಿಕೊಳ್ಳುವುದು ಐದರ ಹೆಸರಿನಲ್ಲಿ. ರಕ್ತದೊತ್ತಡದ ರೋಗಿಗೆ ಒಂದು ತಿಂಗಳ ಗುಳಿಗೆ ಕೊಟ್ಟು ‘ಗುಣವಾಯಿತು’ ಎಂದು ಬರೆದಿಡುವ ವೈದ್ಯನನ್ನು ನೀವು ಏನೆಂದು ಕರೆಯುತ್ತೀರಿ?

‘ಹಳ್ಳಿಯವರು ನಿರ್ವಹಣೆ ಮಾಡುವುದಿಲ್ಲ’ ಎಂಬ ಆಕ್ಷೇಪ ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ. ಇದು ಅನ್ಯಾಯದ ಮಾತು. ಜೋಯಿಡಾದ ಕಾಡಿನೊಳಗಿನ ಒಂಟಿ ಮನೆಯನ್ನು ಊಹಿಸಿಕೊಳ್ಳಿ. ಜೂನ್‌ನಿಂದ ಆಗಸ್ಟ್‌ವರೆಗೆ ಆಕಾಶ ಕಾಣುವುದೇ ಅಪರೂಪ. ಬ್ಯಾಟರಿ ವಾರಗಟ್ಟಲೆ ಅರೆಹೊಟ್ಟೆಯಲ್ಲಿಯೇ ಇರುತ್ತದೆ. ಹಾಗಿದ್ದಾಗ ಅದರ ಫಲಕೆಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳಾಗುತ್ತದೆ. ಮತ್ತೆ ಬಿಸಿಲು ಬಂದರೂ ಆ ಹರಳು ಪೂರ್ತಿ ಕರಗುವುದಿಲ್ಲ, ಧಾರಣಶಕ್ತಿ ಶಾಶ್ವತವಾಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಬಳಕೆಯನ್ನು ಅರ್ಧಕ್ಕಿಳಿಸಬೇಕು, ಬ್ಯಾಟರಿ ತೀರಾ ಬರಿದಾಗಲು ಬಿಡಬಾರದು, ಬಿಸಿಲು ಮರಳಿದೊಡನೆ ಒಮ್ಮೆ ಪೂರ್ಣವಾಗಿ ತುಂಬಿಸಬೇಕು. ಇದನ್ನು ಅವರಿಗೆ ಕನ್ನಡದಲ್ಲಿ, ಕುಳಿತು, ಯಾರು ಹೇಳಿದ್ದಾರೆ? ಚಾರ್ಜ್ ಕಂಟ್ರೋಲರ್ ರಾತ್ರಿ ಎಂಟಕ್ಕೆ ದೀಪ ಆರಿಸಿದಾಗ, ಮಗುವಿನ ಪರೀಕ್ಷೆ ಮರುದಿನವಿದ್ದರೆ, ಅದನ್ನು ತಪ್ಪಿಸಿ ನೇರ ತಂತಿ ಎಳೆಯುವ ತಂದೆಯನ್ನು ದೂಷಿಸುವ ಅಧಿಕಾರ ನಮಗಿದೆಯೇ?

ನೀರಿನ ವಿಷಯವೂ ಹಾಗೆಯೇ. ಬ್ಯಾಟರಿಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರಿನ ಖನಿಜಗಳು ಫಲಕೆಗಳನ್ನು ಕೆಡಿಸುತ್ತವೆ. ಮಟ್ಟ ಇಳಿದಾಗ ಆಮ್ಲ ಸುರಿಯುವುದು ಇನ್ನೂ ದೊಡ್ಡ ತಪ್ಪು. ಆವಿಯಾಗಿ ಹೋದದ್ದು ನೀರೇ ಹೊರತು ಆಮ್ಲವಲ್ಲ. ಹತ್ತಿರದ ಅಂಗಡಿ ಇಪ್ಪತ್ತು ಕಿಲೋಮೀಟರ್ ದೂರವಿದ್ದರೆ ಕೊಡ ಹಿಡಿದು ಬಾವಿಗೆ ಹೋಗುವುದು ಸಹಜ. ಫಲಕದ ಜೊತೆಗೆ ಎರಡು ಕ್ಯಾನ್ ಡಿಸ್ಟಿಲ್ಡ್ ವಾಟರ್, ಒಂದು ಹೈಡ್ರೋಮೀಟರ್ ಕೊಡಲು ನಮಗೆ ತಗಲುವುದಾದರೂ ಎಷ್ಟು? (ಊರಿನಲ್ಲಿರುವ ಅಪ್ಪ-ಅಮ್ಮನ ಸಕ್ಕರೆ ಅಳತೆಯನ್ನು ಪ್ರತಿ ಭಾನುವಾರ ಫೋನಿನಲ್ಲಿ ವಿಚಾರಿಸುವವರು, ಅವರ ಇನ್ವರ್ಟರ್ ಬ್ಯಾಟರಿಯ ನೀರನ್ನೂ ವಿಚಾರಿಸುವುದು ಒಳ್ಳೆಯದು.)

ವೈದ್ಯನಾಗಿ ನನ್ನನ್ನು ಹೆಚ್ಚು ಕಾಡುವುದು ಬ್ಯಾಟರಿ ಸತ್ತ ನಂತರದ ಕಥೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸ. ಗುಜರಿಯವನು ಕಿಲೋ ಲೆಕ್ಕದಲ್ಲಿ ಕೊಂಡು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ತೆರೆದ ಒಲೆಯಲ್ಲಿ ಕರಗಿಸುವವನಿಗೆ ದಾಟಿಸುತ್ತಾನೆ. ಆ ಹೊಗೆ ಮತ್ತು ಧೂಳು ಅಂಗಳದಲ್ಲಿ ಆಡುವ ಮಕ್ಕಳಿಗೆ ಸೇರುತ್ತದೆ. ನುಂಗಿದ ಸೀಸವನ್ನು ಮಕ್ಕಳ ದೇಹ ವಯಸ್ಕರಿಗಿಂತ 4–5 ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಿತಿಯೇ ಸೀಸಕ್ಕಿಲ್ಲ. ರಕ್ತದ ಸೀಸವನ್ನು ಇಳಿಸುವ ಔಷಧಗಳುಂಟು. ಮಿದುಳಿಗಾದ ಹಾನಿಯನ್ನು ಸರಿಪಡಿಸುವ ಔಷಧವಿಲ್ಲ. ಸೆನೆಗಲ್‌ನ ಡಕಾರ್ ನಗರದ ಅಂಚಿನಲ್ಲಿ, 2007ರ ನವೆಂಬರ್‌ನಿಂದ 2008ರ ಮಾರ್ಚ್‌ವರೆಗಿನ ಅವಧಿಯಲ್ಲಿ, ಹಳೆಯ ಬ್ಯಾಟರಿ ಒಡೆಯುವ ಕಸುಬಿನ ಬಡಾವಣೆಯೊಂದರಲ್ಲಿ 18 ಮಕ್ಕಳು ಸತ್ತರು. ಅಲ್ಲಿ ಸತ್ತವರಾದರೂ ಲೆಕ್ಕಕ್ಕೆ ಸಿಕ್ಕರು. ತರಗತಿಯಲ್ಲಿ ಮಂಕಾಗಿ ಕುಳಿತ, ರಕ್ತಹೀನತೆಯ ಮಾತ್ರೆಗೆ ಜಗ್ಗದ ಮಗುವನ್ನು ಯಾರು ಲೆಕ್ಕ ಹಾಕುತ್ತಾರೆ? ಒಂದು ಮನೆಗೆ ಓದುವ ಬೆಳಕು ಕೊಟ್ಟು ಇನ್ನೊಂದು ಮನೆಯ ಮಗುವಿನ ಬುದ್ಧಿಯನ್ನು ಕಸಿಯುವ ದಾನ ನಮ್ಮ ಹೆಸರಿನಲ್ಲಿ ನಡೆಯಬಾರದು.

ಭಾರತದಲ್ಲಿ ಕಾನೂನಿಲ್ಲವೆಂದಲ್ಲ. 2001ರಲ್ಲೇ ಬ್ಯಾಟರಿ ನಿಯಮಗಳು ಬಂದವು. 2022ರ ನಿಯಮಗಳು ಹಳೆಯ ಬ್ಯಾಟರಿಯ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಕಾಡಿನ ಮನೆಯಿಂದ ಪೇಟೆಯ ಅಧಿಕೃತ ಅಂಗಡಿಯವರೆಗೆ ಐವತ್ತು ಕಿಲೋ ಭಾರ ಹೊತ್ತು ತರುವವರು ಯಾರು? ಜೀಪಿನ ಆ ಬಾಡಿಗೆ ನಮ್ಮ ದೇಣಿಗೆಯ ಪಟ್ಟಿಯಲ್ಲಿರಬೇಕು.

‘ಲಿಥಿಯಂ ಹಾಕಿಸಿದರೆ ಮುಗಿಯಿತಲ್ಲ’ ಎನ್ನುವವರಿದ್ದಾರೆ. ಅರ್ಧ ಸತ್ಯ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ನೀರು ಬೇಡ, ಸೀಸವಿಲ್ಲ, ಬಾಳಿಕೆಯೂ ಹೆಚ್ಚು. ಕೈಗೆಟುಕುವಲ್ಲಿ ಅದನ್ನೇ ಕೊಡೋಣ. ಆದರೆ ಹಳೆಯ ಚಾರ್ಜ್ ಕಂಟ್ರೋಲರ್ ಅದಕ್ಕೆ ಒಗ್ಗದಿದ್ದರೆ ಅದನ್ನೂ ಬದಲಿಸಬೇಕು. ಒಳಗಿನ ವಿದ್ಯುನ್ಮಾನ ಕೈಕೊಟ್ಟರೆ ರಿಪೇರಿ ಮಾಡುವವರು ತಾಲ್ಲೂಕಿನಲ್ಲಿರಬೇಕು. ಬದಲಾಯಿಸುವ ದಿನ ತಡವಾಗಿ ಬರುತ್ತದೆ, ಬಾರದೆ ಇರುವುದಿಲ್ಲ.

ಲಸಿಕೆಯ ಶೀತಕಗಳ ವಿಷಯದಲ್ಲಿ ಜಗತ್ತು ಈ ಪಾಠವನ್ನು ಆಗಲೇ ಕಲಿತಿದೆ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಬ್ಯಾಟರಿ ಆಧಾರಿತ ಸೌರ ಶೀತಕಗಳು ಬದಲಿ ಬ್ಯಾಟರಿಯಿಲ್ಲದೆ ಮೂಲೆಗೆ ಸೇರಿದ ಮೇಲೆ, ಹಗಲಿನ ಬಿಸಿಲಿನಿಂದ ಮಂಜುಗಡ್ಡೆ ಕಟ್ಟಿ ರಾತ್ರಿ ತಂಪು ಕಾಯುವ, ಆ ತಂಪಿಗೆ ಬ್ಯಾಟರಿಯೇ ಬೇಡದ ಶೀತಕಗಳು ಬಂದವು. ಮನೆಯ ದೀಪಕ್ಕೆ ಆ ಉಪಾಯವಿಲ್ಲ.

ಹಳ್ಳಿಯವರಿಂದ ಹಣ ಹುಟ್ಟುವುದಿಲ್ಲ ಎಂಬುದನ್ನೂ ನಾನು ಒಪ್ಪುವುದಿಲ್ಲ. ಹರೀಶ್ ಹಂದೆಯವರ ಸೆಲ್ಕೋ 1995ರಿಂದ ಬಡವರ ಮನೆಗೆ ಸೌರ ದೀಪವನ್ನು ಬ್ಯಾಂಕ್ ಸಾಲದ ಮೇಲೆ, ಮನೆಬಾಗಿಲಿನ ದುರಸ್ತಿ ಸೇವೆಯೊಂದಿಗೆ ಮಾರಿ ತೋರಿಸಿದೆ. ಬ್ಯಾಟರಿಗೆ 15,000 ರೂಪಾಯಿ ಎಂದು ಹಿಡಿಯಿರಿ. 60 ತಿಂಗಳಿಗೆ ಹಂಚಿದರೆ ತಿಂಗಳಿಗೆ 250. ಅರ್ಧವನ್ನು ಮನೆಯವರು ಸ್ವಸಹಾಯ ಸಂಘದಲ್ಲಿ ಕಟ್ಟಲಿ, ಅರ್ಧವನ್ನು ನಾವು ತುಂಬೋಣ.

ಈ ವರ್ಷದ ಸರ್ವಸದಸ್ಯರ ಸಭೆಗೆ ನಾನು ಠರಾವೊಂದನ್ನು ಕಳುಹಿಸುತ್ತಿದ್ದೇನೆ: ಇಪ್ಪತ್ತು ಮನೆಗಳ ಹಣದಲ್ಲಿ ಹನ್ನೆರಡಕ್ಕೆ ಮಾತ್ರ ಫಲಕ ಹಾಕಿಸುವುದು, ಉಳಿದದ್ದನ್ನು ಬ್ಯಾಟರಿ ನಿಧಿಯಾಗಿ ಠೇವಣಿ ಇಡುವುದು, ಹಳೆಯ ಬ್ಯಾಟರಿ ಅಧಿಕೃತ ಅಂಗಡಿಗೆ ಮರಳಿದ ರಸೀದಿ ಬಂದ ಮೇಲೆಯೇ ಹೊಸದಕ್ಕೆ ಹಣ ಬಿಡುಗಡೆ ಮಾಡುವುದು. ಎಂಟು ಮನೆಗಳಿಗೆ ಅನ್ಯಾಯವಾಯಿತೆಂದು ಹೇಳುವವರು, ಹಿಂದಿನ ವರ್ಷಗಳಲ್ಲಿ ಕೊಟ್ಟ ಮನೆಗಳಲ್ಲಿ ಇಂದು ಎಷ್ಟು ದೀಪ ಉರಿಯುತ್ತಿವೆ ಎಂಬ ಪಟ್ಟಿಯನ್ನು ದಯವಿಟ್ಟು ಜೊತೆಗೆ ತರಬೇಕು.