ಒಮಾನ್ ಬಿಸಿಲಿಗೆ ಬ್ಯಾಟರಿ ಡಂಪರ್ ತಡೆದೀತೇ?

ಮಸ್ಕತ್: ಹೊಗೆ ಉಗುಳುವ ಡೀಸೆಲ್ ಡಂಪರ್, ಎಕ್ಸ್‌ಕವೇಟರ್‌ಗಳ ಜಾಗಕ್ಕೆ ಬ್ಯಾಟರಿ ಮತ್ತು ಹೈಬ್ರಿಡ್ ಯಂತ್ರಗಳು ಜಗತ್ತಿನ ಮಾರುಕಟ್ಟೆಗೆ ಬರುತ್ತಿವೆ. 2050ರ ಹೊತ್ತಿಗೆ ನಿವ್ವಳ ಇಂಗಾಲ ಹೊರಸೂಸುವಿಕೆಯನ್ನು ಸೊನ್ನೆಗಿಳಿಸುವುದಾಗಿ ಒಮಾನ್ ಸರ್ಕಾರ 2022ರಲ್ಲಿ ಘೋಷಿಸಿದೆ. ಗುರಿಯೇನೋ ಒಳ್ಳೆಯದೇ. ಆದರೆ ಯಂತ್ರ ಕೊಳ್ಳುವ ಗುತ್ತಿಗೆದಾರರು, ನಡೆಸುವ ಆಪರೇಟರ್‌ಗಳು, ರಿಪೇರಿ ಮಾಡುವ ಮೆಕ್ಯಾನಿಕ್‌ಗಳು ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಬ್ಯಾಟರಿಯನ್ನು ಎಷ್ಟು ಬಿಸಿಯಲ್ಲಿ ಪರೀಕ್ಷಿಸಿದ್ದೀರಿ?

ಕಾರಣ ಸರಳ. ಲಿಥಿಯಂ ಬ್ಯಾಟರಿಯ ಸಾಮರ್ಥ್ಯವನ್ನು ಸಾಮಾನ್ಯವಾಗಿ ಅಳೆಯುವುದು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. ಒಮಾನ್‌ನ ಕರಾವಳಿ ಪಟ್ಟಣ ಖುರಿಯಾತ್‌ನಲ್ಲಿ 2018ರ ಜೂನ್‌ನಲ್ಲಿ ಇಡೀ ದಿನದ ಕನಿಷ್ಠ ತಾಪಮಾನವೇ 42.6 ಡಿಗ್ರಿ ಇತ್ತು! ರಾತ್ರಿಯೂ ತಂಪಾಗದ ಊರಿನಲ್ಲಿ ಬ್ಯಾಟರಿಗೆ ವಿಶ್ರಾಂತಿ ಎಲ್ಲಿಂದ? ತಾಪ ಸುಮಾರು 10 ಡಿಗ್ರಿ ಏರಿದರೆ ಬ್ಯಾಟರಿ ಸವೆಯುವ ವೇಗ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ.

ಇಲ್ಲೊಂದು ಗೊಂದಲವಿದೆ. ಸುರಕ್ಷತಾ ಪರೀಕ್ಷೆ ಬೇರೆ, ಕಾರ್ಯಕ್ಷಮತೆಯ ಪರೀಕ್ಷೆ ಬೇರೆ. ರಸ್ತೆ ವಾಹನಗಳಿಗಿರುವ ವಿಶ್ವಸಂಸ್ಥೆಯ 100ನೇ ನಿಯಮದಲ್ಲಿ ಬ್ಯಾಟರಿಯನ್ನು 60 ಡಿಗ್ರಿ ಬಿಸಿಯಲ್ಲಿ ಕನಿಷ್ಠ ಆರು ಗಂಟೆ, ಮೈನಸ್ 40 ಡಿಗ್ರಿ ಚಳಿಯಲ್ಲಿ ಆರು ಗಂಟೆ ಇಟ್ಟು, ಹೀಗೆ ಐದು ಸುತ್ತು ನೋಡುತ್ತಾರೆ. ಕುಲುಕಾಟ, ಶಾರ್ಟ್ ಸರ್ಕ್ಯೂಟ್, ಬೆಂಕಿ ಇತ್ಯಾದಿ ಪರೀಕ್ಷೆಗಳೂ ಇವೆ. ಭಾರತದಲ್ಲಿ 2022ರಲ್ಲಿ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ನಂತರ ಬಸ್, ಲಾರಿಗಳ ಬ್ಯಾಟರಿ ನಿಯಮವನ್ನೂ ಬಿಗಿಗೊಳಿಸಲಾಯಿತು. ಇದರಲ್ಲಿ ಪಾಸಾದ ಬ್ಯಾಟರಿ ಸುರಕ್ಷಿತ ಎನ್ನಬಹುದು. ಆದರೆ ಕಲ್ಲುಕ್ವಾರಿಯಲ್ಲಿ ಐದು ವರ್ಷ ದುಡಿಯುತ್ತದೆ ಎಂಬುದಕ್ಕೆ ಅದು ಗ್ಯಾರಂಟಿ ಅಲ್ಲ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. 300 ಯೂನಿಟ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 240 ಎಂದುಕೊಳ್ಳಿ. ಗಂಟೆಗೆ 30 ಯೂನಿಟ್ ತಿನ್ನುವ ಯಂತ್ರ 8 ಗಂಟೆ ಓಡಬೇಕು. ಕ್ಯಾಬಿನ್ ಎಸಿ ಮತ್ತು ಬ್ಯಾಟರಿ ತಂಪಿಡುವ ವ್ಯವಸ್ಥೆ ಇನ್ನೂ 8 ಯೂನಿಟ್ ನುಂಗಿದರೆ ಉಳಿಯುವುದು ಸುಮಾರು 6 ಗಂಟೆ 20 ನಿಮಿಷ. ಬ್ಯಾಟರಿ ಸವೆದು ಶೇ. 80ಕ್ಕೆ ಇಳಿದಾಗ ಬರೀ 5 ಗಂಟೆ! ಪಾಳಿ ಮುಗಿಯುವ ಮೊದಲೇ ಯಂತ್ರ ನಿಂತರೆ ನಷ್ಟ ಯಾರಿಗೆ?

ಹೈಬ್ರಿಡ್‌ನ ಕಥೆ ಬೇರೆ. ಕೊಮಾಟ್ಸು ಕಂಪನಿ 2008ರಲ್ಲಿ ತಂದ ಹೈಬ್ರಿಡ್ ಎಕ್ಸ್‌ಕವೇಟರ್‌ನಲ್ಲಿ ಶಕ್ತಿ ಸಂಗ್ರಹಕ್ಕೆ ಬಳಸಿದ್ದು ಬ್ಯಾಟರಿಯಲ್ಲ, ಕೆಪಾಸಿಟರ್. ಯಂತ್ರ ತಿರುಗಿ ನಿಲ್ಲುವಾಗ ಹುಟ್ಟುವ ವಿದ್ಯುತ್ತನ್ನು ಕ್ಷಣದಲ್ಲಿ ಹೀರಿ ಕ್ಷಣದಲ್ಲಿ ಕೊಡಬೇಕಾದ ಕೆಲಸ ಅದು. ಹಾಗಾಗಿ ಹೈಬ್ರಿಡ್‌ಗಳಲ್ಲಿ ಎಷ್ಟು ಹೊತ್ತು ಓಡುತ್ತದೆ ಎನ್ನುವುದಕ್ಕಿಂತ, ಬಿಸಿಯಲ್ಲಿ ಎಷ್ಟು ಸಾವಿರ ಬಾರಿ ಈ ಕೊಡು-ಕೊಳ್ಳುವಿಕೆ ತಾಳುತ್ತದೆ ಎಂಬುದೇ ಮುಖ್ಯ ಪರೀಕ್ಷೆ.

ಒಮಾನ್‌ಗೆ ಅನುಕೂಲಗಳೂ ಇವೆ. ಸ್ವಿಟ್ಜರ್ಲೆಂಡ್‌ನ ಬೀಲ್ ಸಮೀಪದ ಕ್ವಾರಿಯೊಂದರಲ್ಲಿ 600 ಯೂನಿಟ್ ಬ್ಯಾಟರಿಯ ಡಂಪರ್ ಖಾಲಿಯಾಗಿ ಗುಡ್ಡ ಹತ್ತಿ, ತುಂಬಿಕೊಂಡು ಇಳಿಯುತ್ತದೆ; ಇಳಿಯುವಾಗ ಬ್ರೇಕ್‌ನಿಂದಲೇ ಬ್ಯಾಟರಿ ತುಂಬಿಕೊಳ್ಳುತ್ತದೆ. ಹಜರ್ ಪರ್ವತ ಸಾಲಿನ ಕ್ವಾರಿಗಳಲ್ಲೂ ಇಳಿಜಾರು ಹೀಗೆ ಒದಗಿಬಂದರೆ ಇದು ಸಾಧ್ಯ. ಇನ್ನು ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸಕ್ಕೆ ಇಲ್ಲಿ ನಿಷೇಧವಿದೆ. ಇಬ್ರಿಯ 500 ಮೆಗಾವ್ಯಾಟ್‌ನಂಥ ಸೌರ ಸ್ಥಾವರಗಳು ಚೆನ್ನಾಗಿ ದುಡಿಯುವ ಹೊತ್ತೂ ಅದೇ. ಆಗಲೇ ಚಾರ್ಜ್ ಮಾಡಿಕೊಳ್ಳಬಹುದಲ್ಲ! ಆದರೆ ಮುಂಜಾನೆಯಿಂದ ದುಡಿದು ಕಾದ ಬ್ಯಾಟರಿಗೆ ನಡುಮಧ್ಯಾಹ್ನ ವೇಗದ ಚಾರ್ಜ್ ಕೊಡುವುದೇ ಅತಿ ಕಠಿಣ ಪರೀಕ್ಷೆ.

ಬೆಂಗಳೂರಿನಲ್ಲಿ 2014ರಲ್ಲಿ ಬಿಎಂಟಿಸಿ ಎಲೆಕ್ಟ್ರಿಕ್ ಬಸ್ಸನ್ನು ತಿಂಗಳುಗಟ್ಟಲೆ ನಿಜ ಮಾರ್ಗದಲ್ಲೇ ಓಡಿಸಿ ನೋಡಿತು. ಕ್ರಮ ಸರಿಯಾದದ್ದೇ, ಆದರೆ ಬೆಂಗಳೂರಿನ ಹವೆಯ ಫಲಿತಾಂಶ ಮಸ್ಕತ್‌ಗೆ ಒಪ್ಪದು. ಆದ್ದರಿಂದ ಕೊಳ್ಳುವವರು ಪಟ್ಟು ಹಿಡಿಯಬೇಕಾದದ್ದು ಇಷ್ಟು: 45ರಿಂದ 50 ಡಿಗ್ರಿಯಲ್ಲಿ ಮಾಡಿದ ಪರೀಕ್ಷೆಯ ವರದಿ, ಧೂಳು ತುಂಬಿದ ರೇಡಿಯೇಟರ್‌ನೊಂದಿಗೆ ಮಾಡಿದ ಪರೀಕ್ಷೆ, ಬಿಸಿ ಹೆಚ್ಚಾದಾಗ ಶಕ್ತಿ ಎಷ್ಟು ಇಳಿಯುತ್ತದೆ ಎಂಬ ಲೆಕ್ಕ, ಮತ್ತು ಬ್ಯಾಟರಿ ವಾರಂಟಿಯಲ್ಲಿ ತಾಪಮಾನದ ಷರತ್ತು. ಸಾಧ್ಯವಾದರೆ ಒಂದು ಇಡೀ ಬೇಸಿಗೆ ಇಲ್ಲೇ ಓಡಿಸಿ ನೋಡಿದ ಮೇಲೆ ಸಹಿ ಹಾಕುವುದು ಮೇಲು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ ಹಿರಿಯರು. ಹಾಸಿಗೆಯ ಉದ್ದವನ್ನು ಬೇಸಿಗೆಯಲ್ಲೇ ಅಳೆಯಬೇಕು, ಅಷ್ಟೆ.