ಗಣಿತದ ಡಿಗ್ರಿ: ಬಂಡವಾಳವೆಷ್ಟು, ಗಿಟ್ಟುವುದೆಷ್ಟು?

ಪಿಯುಸಿ ಫಲಿತಾಂಶ ಬಂತೆಂದರೆ ಸಾಕು, ದಾವಣಗೆರೆಯ ಮಂಡಿಪೇಟೆಯ ಗಲ್ಲಾದಿಂದ ಹಿಡಿದು ಹರಿಹರದ ಬಸ್ಸಿನ ಹಿಂದಿನ ಸೀಟಿನ ತನಕ ಒಂದೇ ಮಾತು: ‘ಹುಡುಗನ್ನ ಯಾವುದಕ್ಕೆ ಹಾಕಿದ್ರಿ?’ ಇಂಜಿನಿಯರಿಂಗ್ ಅಂದರೆ ತಲೆಯಾಡಿಸುತ್ತಾರೆ. ಬಿ.ಎಸ್ಸಿ. ಮ್ಯಾಥ್ಸ್ ಅಂದರೆ, ‘ಯಾಕ್ರೀ, ಸೀಟು ಸಿಗಲಿಲ್ಲೇನು?’ ಎಂಬ ಮರುಪ್ರಶ್ನೆ. ಬೇರೆ ಗತಿ ಇಲ್ಲದವರು ಓದುವುದು ಇದು ಎಂಬ ಭಾವನೆ ಊರಲ್ಲಿ ಬೇರೂರಿದೆ. ಅದಿರಲಿ. ವ್ಯಾಪಾರಸ್ಥರ ಊರಿದು, ಲೆಕ್ಕದ ವಿದ್ಯೆಯನ್ನೂ ಒಮ್ಮೆ ಲೆಕ್ಕ ಹಾಕಿಯೇ ನೋಡೋಣ.

ಮೊದಲು ಖರ್ಚು. ಸರ್ಕಾರಿ ಕಾಲೇಜಿನ ಬಿ.ಎಸ್ಸಿ. ಫೀಜು ಇಂಜಿನಿಯರಿಂಗ್ ಫೀಜಿನ ಮುಂದೆ ಏನೇನೂ ಅಲ್ಲ. ಇದೇ ಊರಿನ ಯುಬಿಡಿಟಿ ಕಾಲೇಜಿನಲ್ಲಿ ಅರ್ಧ ಸೀಟು ಪೇಮೆಂಟಿಗೆ ಹೋಯಿತೆಂದು 2024ರಲ್ಲಿ ವಿದ್ಯಾರ್ಥಿಗಳು ಬೀದಿಗಿಳಿದದ್ದನ್ನು ಎಲ್ಲರೂ ಕಂಡಿದ್ದೇವೆ. ಬಿ.ಎಸ್ಸಿ.ಗೆ ಆ ಪಾಡಿಲ್ಲ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನ ಚಾರ್ಜೂ ಇಲ್ಲ. ಖಾಸಗಿ ಬಸ್ಸೇ ಗತಿಯಾದ ಹಳ್ಳಿಯವರ ಮಾತು ಬೇರೆ. 2024ರಲ್ಲಿ ಸರ್ಕಾರ ಮೂರು ವರ್ಷದ ಡಿಗ್ರಿಗೇ ಮರಳಿದ್ದರಿಂದ ನಾಲ್ಕನೆಯ ವರ್ಷದ ಗೊಂದಲವೂ ತೀರಿತು.

ಹಾಗಾದರೆ ಅಗ್ಗದ ಮಾಲು ಅಂತೀರಾ? ಅಲ್ಲೇ ಏಮಾರುವುದು ಸ್ವಾಮಿ! ಇಲ್ಲಿ ಖರ್ಚಾಗುವುದು ಫೀಜಿಗಿಂತ ಹೆಚ್ಚಾಗಿ ಕಾಲ. ಬರೀ ಬಿ.ಎಸ್ಸಿ.ಯಿಂದ ಶಾಲೆಯ ಮೇಷ್ಟ್ರಾಗಲು ಬರುವುದಿಲ್ಲ, ಎರಡು ವರ್ಷದ ಬಿ.ಎಡ್. ಬೇಕು. ಪಿಯು ಉಪನ್ಯಾಸಕರಾಗಲು ಎಂ.ಎಸ್ಸಿ. ಜೊತೆಗೆ ಬಿ.ಎಡ್. ಬೇಕು. ಡಿಗ್ರಿ ಕಾಲೇಜಿಗಾದರೆ ಎಂ.ಎಸ್ಸಿ. ಮುಗಿಸಿ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಅಂದರೆ ಮೂರಲ್ಲ, ಐದರಿಂದ ಏಳು ವರ್ಷದ ಬಾಬತ್ತು. ಅದೇ ಹುಡುಗ ಅಂಗಡಿಯಲ್ಲಿ ತಿಂಗಳಿಗೆ 12,000 ರೂಪಾಯಿಗೆ ನಿಂತಿದ್ದರೆ ಎಂದು ಇಟ್ಟುಕೊಳ್ಳಿ. ಐದು ವರ್ಷಕ್ಕೆ 7,20,000 ರೂಪಾಯಿ. ಕಾಲೇಜಿನ ರಸೀದಿಯಲ್ಲಿ ಕಾಣದ ಈ ದುಡ್ಡೇ ಅಸಲು ಬಂಡವಾಳ.

ಇನ್ನು ಗಿಟ್ಟುವುದು. ಮೇಷ್ಟ್ರ ಕೆಲಸವನ್ನೇ ನೋಡಿ. 2022ರಲ್ಲಿ ಸರ್ಕಾರ ಆರರಿಂದ ಎಂಟನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಮೇ ತಿಂಗಳಲ್ಲಿ ಪರೀಕ್ಷೆಯೂ ಆಯಿತು. ಆಯ್ಕೆ ಪಟ್ಟಿ ಹೈಕೋರ್ಟ್ ಮೆಟ್ಟಿಲು ಹತ್ತಿ ಇಳಿದು, ಆದೇಶ ಕೈಗೆ ಬರುವಾಗ 2023ರ ಕೊನೆ. ಒಂದೂವರೆ ವರ್ಷ ಕಾದವರ ಮನೆಯಲ್ಲಿ ಒಲೆ ಉರಿಯಬೇಕಲ್ಲ? ಅಷ್ಟು ದಿನ ಖಾಸಗಿ ಶಾಲೆಯ ಪುಡಿ ಸಂಬಳ ಅಥವಾ ಮನೆಪಾಠವೇ ಗತಿ. ಡಿಗ್ರಿ ಕಾಲೇಜಿನ ಕಥೆಯೂ ಅಷ್ಟೇ. 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ‘ಖಾಯಂ ಮಾಡಿ’ ಎಂದು ತರಗತಿ ಬಿಟ್ಟು ಧರಣಿ ಕೂತರು. ಎಂ.ಎಸ್ಸಿ. ಆದವರಿಗೂ ಖಾಯಂ ಕುರ್ಚಿ ಸುಲಭವಲ್ಲ.

ಬ್ಯಾಂಕ್, ರೈಲ್ವೆ ಪರೀಕ್ಷೆಗೆ ಮ್ಯಾಥ್ಸ್ ಓದಿದವನೇ ಗೆಲ್ತಾನೆ ಎಂಬುದೂ ಅರೆಸತ್ಯ. ಅಲ್ಲಿ ಕೇಳುವುದು ಶೇಕಡಾ, ಬಡ್ಡಿ, ಲಾಭ-ನಷ್ಟ, ಅದೂ ನಿಮಿಷಕ್ಕೊಂದರಂತೆ. ಕಾಲೇಜಿನಲ್ಲಿ ಕಲಿಯುವುದು ಪ್ರಮೇಯ, ಅದರ ಸಾಧನೆ. ಲೆಕ್ಕದ ಭಯ ಇರುವುದಿಲ್ಲ, ಅದೊಂದು ಲಾಭ. ವೇಗವನ್ನು ಬೇರೆಯಾಗಿಯೇ ರೂಢಿಸಬೇಕು.

ಹಾಗೆಂದು ಈ ಡಿಗ್ರಿ ದಂಡವೇ? ಖಂಡಿತ ಅಲ್ಲ. ಹರಪನಹಳ್ಳಿ ದಾಟಿದರೆ ಸಿಗುವ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಆಂಧ್ರ ವಿಶ್ವವಿದ್ಯಾಲಯದಲ್ಲಿ ಗಣಿತದ ಎಂ.ಎ. ಮಾಡಿದವರು. ಆಮೇಲೆ ಕೆಲಸವಿಲ್ಲ! ಸೈನ್ಯದ ಸರ್ವೆ ವಿಭಾಗದ ಸಂದರ್ಶನಕ್ಕೆಂದು ಕಲ್ಕತ್ತೆಗೆ ಹೋದರು, ಅದೂ ಸಿಗಲಿಲ್ಲ. ಅಲ್ಲಿನ ಭಾರತೀಯ ಸಾಂಖ್ಯಿಕ ಸಂಸ್ಥೆ ಸೇರಿ ಸಂಖ್ಯಾಶಾಸ್ತ್ರ ಕಲಿತರು. 2023ರಲ್ಲಿ ತೀರಿಕೊಳ್ಳುವಾಗ ಜಗತ್ತೇ ಬಲ್ಲ ವಿದ್ವಾಂಸರು. ಎಲ್ಲರೂ ರಾವ್ ಆಗುವುದಿಲ್ಲ ಬಿಡಿ. ಆದರೆ ಗಣಿತದ ಜೊತೆ ಇನ್ನೊಂದು ವಿದ್ಯೆ ಸೇರಿದಾಗಲೇ ಬಾಗಿಲು ತೆರೆಯಿತು ಎಂಬುದನ್ನು ಗಮನಿಸಿ. ಅದೇ ಸಂಸ್ಥೆ ಇಂದು ಬೆಂಗಳೂರಿನ ಮೈಸೂರು ರಸ್ತೆಯಲ್ಲೂ ಇದೆ. ಪ್ರವೇಶ ಪರೀಕ್ಷೆ ಕಠಿಣ, ಆದರೆ ಗೆದ್ದವರಿಗೆ ಬೋಧನಾ ಶುಲ್ಕವಿಲ್ಲ, ಮೇಲೆ ವಿದ್ಯಾರ್ಥಿವೇತನ. ಸಂಶೋಧನೆಗೆ ಹೋಗಿ ಸಿಎಸ್‌ಐಆರ್ ನೆಟ್‌ನಲ್ಲಿ ಜೆಆರ್‌ಎಫ್ ಗಿಟ್ಟಿಸಿದರೆ 2023ರಲ್ಲಿ ಏರಿಸಿದ ದರದಂತೆ ತಿಂಗಳಿಗೆ 37,000 ರೂಪಾಯಿ.

ಆದ್ದರಿಂದ ತಂದೆತಾಯಿಗಳು ಫಾರಂ ತುಂಬುವ ಮುಂಚೆ ಮಕ್ಕಳನ್ನು ಕೂರಿಸಿಕೊಂಡು ಕೇಳಬೇಕಾದ್ದು ಎರಡೇ. ಒಂದು, ಗಣಿತದ ಜೊತೆಗೆ ಕಂಪ್ಯೂಟರ್ ಅಥವಾ ಸಂಖ್ಯಾಶಾಸ್ತ್ರ ಇರುವ ಕಾಂಬಿನೇಷನ್ ಸಿಗುತ್ತದೆಯೇ? ಎರಡು, ಮೂರು ವರ್ಷ ಆದಮೇಲೆ ಬಿ.ಎಡ್.ಗೋ, ಎಂ.ಎಸ್ಸಿ.ಗೋ, ಕಂಪೆನಿ ಕೆಲಸಕ್ಕೋ? ಅದಕ್ಕೆ ಬೇಕಾದ ಎರಡು ವರ್ಷದ ಅನ್ನವನ್ನು ಮನೆ ಹೊರುತ್ತದೆಯೇ? ಉತ್ತರ ಇದ್ದವರಿಗೆ ಇದಕ್ಕಿಂತ ಕಡಿಮೆ ಫೀಜಿನ ಒಳ್ಳೆಯ ದಾರಿ ಸಿಗುವುದು ಕಷ್ಟ. ಉತ್ತರ ಇಲ್ಲದೆ ‘ನೋಡೋಣ’ ಎಂದು ಸೇರಿಸಿದವರಿಗೆ ಇದೇ ದುಬಾರಿ.

ಸರ್ಕಾರಕ್ಕೂ ಒಂದು ಮಾತು: ಹುದ್ದೆ ಕರೆದರೆ ವರ್ಷದೊಳಗೆ ತುಂಬಿ. ಕಾಯುವ ಹುಡುಗರ ವಯಸ್ಸು ಕಾಯುವುದಿಲ್ಲ.